ನಗರದ ಕೂಟವೂ ನಾಡಿನ ನೆಮ್ಮದಿಯೂ

ನಾಡಿನಲ್ಲಿ ಕ್ಷೋಭೆಯುಂಟಾದಾಗ ಅದನ್ನು ಅಡಗಿಸಲು ಸೈನ್ಯ ಬರುತ್ತದೆ. ಅದು ಕೋಟೆಯನ್ನು ಹಿಡಿಯುತ್ತದೆ, ದಾರಿಯನ್ನು ಕಾಯುತ್ತದೆ, ಗುಂಪುಗೂಡಿದವರನ್ನು ಚದುರಿಸುತ್ತದೆ. ಆದರೆ ಅಷ್ಟರಿಂದಲೇ ನಾಡಿಗೆ ನೆಮ್ಮದಿ ಬಂದಿತೆಂದು ಹೇಳಲಾಗದು. ಬಿಟ್ಟುಹೋದ ಹೊಲಕ್ಕೆ ರೈತನು ಮರಳಬೇಕು. ನಿಂತುಹೋದ ಸಂತೆ ಮತ್ತೆ ಕೂಡಬೇಕು. ಕಂದಾಯದ ಲೆಕ್ಕ ನ್ಯಾಯವಾಗಿರಬೇಕು. ಅನ್ಯಾಯವಾದಾಗ ಹೇಳಿಕೊಳ್ಳಲು ಒಂದು ಬಾಗಿಲಿರಬೇಕು. ಈ ಕಾರ್ಯಗಳು ಸಿಪಾಯಿಯವಲ್ಲ. ಅಮಲ್ದಾರ, ಶೇಕದಾರ, ಶಾನುಭೋಗ, ಪಟೇಲ, ಮುನಸೀಫ, ಅಂಚೆಯವನು, ಮರಾಮತ್ತಿನ ಕೆಲಸಗಾರ ಮೊದಲಾದವರವು. ಸೇನಾಬಲವೂ ನಾಗರಿಕ ಆಡಳಿತವೂ ಹೇಗೆ ಒಂದನ್ನೊಂದು ಅವಲಂಬಿಸಿವೆ, ಎಲ್ಲಿ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು ಎಂಬುದನ್ನು ತಿಳಿಯಲು ದೂರದ ದೇಶಗಳ ಚರಿತ್ರೆಯನ್ನೇ ಹುಡುಕಬೇಕಾಗಿಲ್ಲ. ತುಂಗಭದ್ರೆಯರ ನಡುವಣ ನಮ್ಮ ಶಿವಮೊಗ್ಗ ಸೀಮೆಯಲ್ಲಿ ೧೮೩೦-೩೧ರಲ್ಲಿ ನಡೆದ ನಗರದ ಬಂಡಾಯವೂ ಅದರ ಅನಂತರದ ಆಡಳಿತವೂ ಇದಕ್ಕೆ ಉತ್ತಮ ನಿದರ್ಶನವಾಗಿವೆ.

ಕೆಳದಿಯ ಶಿಸ್ತು

ಈ ಬಂಡಾಯವನ್ನು ಅರಿಯಬೇಕಾದರೆ ಮೊದಲು ಆ ಸೀಮೆಯ ಜನರ ನೆನಪಿನಲ್ಲಿ ಏನಿತ್ತೆಂಬುದನ್ನು ಅರಿಯಬೇಕು. ಮುಂದೆ ನಗರ ಫೌಜುದಾರಿಯೆನಿಸಿಕೊಂಡ ಪ್ರದೇಶವು ಕೆಳದಿ, ಇಕ್ಕೇರಿ, ಬಿದನೂರುಗಳನ್ನು ಅನುಕ್ರಮವಾಗಿ ರಾಜಧಾನಿಯಾಗಿ ಮಾಡಿಕೊಂಡಿದ್ದ ವೀರಶೈವ ಅರಸುಮನೆತನದ ನಾಡು. ಆ ವಂಶದ ಶಿವಪ್ಪನಾಯಕನು (೧೬೪೫-೧೬೬೦) ಶೂರನೆಂದು ಪ್ರಸಿದ್ಧನಾದರೂ ಮಲೆನಾಡಿನ ರೈತರು ಅವನನ್ನು ತಲೆಮಾರುಗಳವರೆಗೆ ನೆನೆದದ್ದು ಅವನ 'ಶಿಸ್ತಿ'ಗಾಗಿ. ಭೂಮಿಯನ್ನು ಅದರ ಗುಣಕ್ಕೆ ತಕ್ಕಂತೆ ಐದು ತರಗಳಾಗಿ ವಿಂಗಡಿಸಿ, ಪ್ರತಿಯೊಂದು ತರದ ಹೊಲದಲ್ಲಿ ಹಲವು ವರ್ಷ ಬೆಳೆದ ಫಸಲನ್ನು ಅಳೆದು ಸರಾಸರಿ ತೆಗೆದು, ಅದರ ಮೂರನೆಯ ಒಂದು ಭಾಗವನ್ನು ಅರಸಿನ ಪಾಲೆಂದು ನಿಗದಿಮಾಡಿದ ವ್ಯವಸ್ಥೆಯದು. ತಾನು ಎಷ್ಟು ಕೊಡಬೇಕೆಂಬುದನ್ನು ರೈತನು ಮೊದಲೇ ಬಲ್ಲನೆಂಬುದೇ ಇದರ ಹಿರಿಮೆ. ಶಿವಪ್ಪನಾಯಕನು ಖಡ್ಗದಿಂದ ಗಳಿಸಿದ ರಾಜ್ಯವು ಅವನ ತರುವಾಯ ನೂರು ವರ್ಷ ಉಳಿದದ್ದಕ್ಕೆ ಈ ಲೆಕ್ಕದ ನ್ಯಾಯವೂ ಒಂದು ಕಾರಣವೆನ್ನಬಹುದು.

೧೭೬೩ರಲ್ಲಿ ಹೈದರನು ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಕಾಲಕ್ರಮದಲ್ಲಿ ಅದು ಬರಿಯ 'ನಗರ'ವಾಯಿತು. ಆಮೇಲೆ ಈ ಸೀಮೆಗೆ ನೆಮ್ಮದಿ ಅಪರೂಪವಾಯಿತು. ೧೭೯೧ರ ಡಿಸೆಂಬರಿನಲ್ಲಿ ಶಿವಮೊಗ್ಗದ ಬಳಿ ಪರಶುರಾಮಭಾವುವಿನ ಮರಾಠಾ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಕಾಳಗವಾಗಿ, ಗೆದ್ದವರು ಊರನ್ನು ಸೂರೆಮಾಡಿದರು. ದಂಡು ಬಂದಿತೆಂದರೆ ಮನೆ ಬಿಟ್ಟು ಕಾಡು ಸೇರಬೇಕೆಂಬ ಪಾಠವನ್ನು ಇಲ್ಲಿಯ ಜನರು ಹೀಗೆ ಅನುಭವದಿಂದ ಕಲಿತರು.

ಪೂರ್ಣಯ್ಯನವರ ಪ್ರಯೋಗ

೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿಯ ಸೆರೆಯಿಂದ ಬಿಡುಗಡೆ ಹೊಂದಿದವರಲ್ಲಿ ಚನ್ನಗಿರಿಯ ಧೋಂಡಿಯಾ ವಾಘನೂ ಒಬ್ಬ. ಚದುರಿಹೋದ ಟಿಪ್ಪುವಿನ ಕುದುರೆಸವಾರರನ್ನು ಕೂಡಿಸಿಕೊಂಡು ಅವನು ಬಿದನೂರು, ಶಿವಮೊಗ್ಗಗಳ ಕಡೆಯನ್ನೆಲ್ಲ ತನ್ನ ಹಿಡಿತಕ್ಕೆ ತಂದನು. ಶಿಕಾರಿಪುರದ ಬಳಿ ಸೋತು ಮರಾಠರ ಸೀಮೆಗೆ ಓಡಿಹೋದ ಅವನನ್ನು ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಬೆನ್ನಟ್ಟಿದನು. ೧೮೦೦ರ ಸೆಪ್ಟೆಂಬರ್ ೧೦ರಂದು ಧೋಂಡಿಯಾ ಯುದ್ಧದಲ್ಲಿ ಮಡಿದನು. ಇದು ಸೈನ್ಯ ಮಾಡಿದ ಕೆಲಸ.

ಇದೇ ಸಮಯದಲ್ಲಿ ದಿವಾನ್ ಪೂರ್ಣಯ್ಯನವರು ಮಾಡಿದ ಕೆಲಸ ಬೇರೆ ಬಗೆಯದು. ಹಿಂದಿನ ಕಂದಾಯದ ಬಾಕಿಯನ್ನೆಲ್ಲ ಮನ್ನಾಮಾಡಿ, ಹಳೆಯ ಪದ್ಧತಿಯಂತೆ ಭೂಕಂದಾಯವನ್ನೂ ಸುಂಕವನ್ನೂ ತೆಗೆದುಕೊಳ್ಳುವುದಾಗಿ ಅವರು ಸಾರಿದರು. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಕೆಲಸ ಕಳೆದುಕೊಂಡ ಸಿಪಾಯಿಯೇ ಮುಂದಿನ ದರೋಡೆಗಾರನೆಂಬುದನ್ನು ಧೋಂಡಿಯಾನ ಪ್ರಕರಣದಿಂದ ಅರಿತ ಅವರು, ಅಂಥವರನ್ನು ಸಿಲ್ಲೇದಾರ್ ಸವಾರರಾಗಿಯೂ ಬಾರ್ ಪದಾತಿಗಳಾಗಿಯೂ ಕಂದಾಚಾರದ ಜವಾನರಾಗಿಯೂ ಸೇವೆಗೆ ಸೇರಿಸಿಕೊಂಡರು. ಕಂದಾಚಾರದವನು ಅಮಲ್ದಾರನ ಕೈಕೆಳಗೆ ಊರ ಕಾವಲನ್ನೂ ಕಂದಾಯದ ಕಚೇರಿಯ ಕೆಲಸವನ್ನೂ ಮಾಡುತ್ತ, ಬಿಡುವಿನಲ್ಲಿ ತನ್ನ ಹೊಲವನ್ನೂ ಉಳುತ್ತಿದ್ದನು. ಆಯುಧ ಹಿಡಿದ ಕೈಗೆ ಅನ್ನದ ದಾರಿ ತೋರಿದ ಈ ಏರ್ಪಾಡಿನಿಂದಾಗಿ ನಾಡು ಮೂರು ದಶಕಗಳ ಕಾಲ ದೊಡ್ಡ ಕ್ಷೋಭೆಯಿಲ್ಲದೆ ನಡೆಯಿತು.

ಶರತ್ತು ಮತ್ತು ಕೂಟ

ಪೂರ್ಣಯ್ಯನವರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರು ಆಳ್ವಿಕೆಯನ್ನು ಕೈಗೆ ತೆಗೆದುಕೊಂಡ ಮೇಲೆ ಬೊಕ್ಕಸದ ಸ್ಥಿತಿ ಕ್ರಮೇಣ ಬಿಗಡಾಯಿಸಿತು. ೧೭೯೯ರ ಒಪ್ಪಂದದಂತೆ ಕಂಪನಿಗೆ ವರ್ಷವರ್ಷವೂ ಏಳು ಲಕ್ಷ ವರಹಗಳನ್ನು, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಕೊಡಬೇಕಾಗಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಹಣದ ಅಗತ್ಯ ಹೆಚ್ಚಿದಂತೆ 'ಶರತ್ತು' ಎಂಬ ಪದ್ಧತಿ ಬಲಗೊಂಡಿತು. ತನ್ನ ಸೀಮೆಯಿಂದ ಇಂತಿಷ್ಟು ಹಣವನ್ನು ಕಟ್ಟುವೆನೆಂದು ಅಧಿಕಾರಿಯು ಸರ್ಕಾರಕ್ಕೆ ಬರೆದುಕೊಡುವುದು, ಕಡಿಮೆಯಾದರೆ ತಾನೇ ತುಂಬಿಕೊಡುವುದು ಎಂಬುದೇ ಶರತ್ತು. ತುಂಬಿಕೊಡಬೇಕಾದವನು ಅದನ್ನು ರೈತನಿಂದಲೇ ಹಿಂಡುವನೆಂಬುದು ಸ್ಪಷ್ಟ. ಶಿವಪ್ಪನಾಯಕನ ಶಿಸ್ತಿನಲ್ಲಿ ನೆಲದ ಗುಣವು ಕಂದಾಯವನ್ನು ನಿರ್ಣಯಿಸುತ್ತಿತ್ತು. ಶರತ್ತಿನಲ್ಲಿ ಅಧಿಕಾರಿಯ ಮಾತು ನಿರ್ಣಯಿಸತೊಡಗಿತು.

ನಗರ ಫೌಜುದಾರಿಯಲ್ಲಿ ಇನ್ನೊಂದು ತೊಡಕಿತ್ತು. ೧೭೯೯ರಿಂದ ಫೌಜುದಾರರಾಗಿದ್ದ ರಾಮರಾಯರ ನೆಂಟರಿಷ್ಟರೇ ಅಲ್ಲಿಯ ಹುದ್ದೆಗಳಲ್ಲಿ ಬಹುಕಾಲ ಬೇರೂರಿದ್ದರು. ಅರಮನೆಯ ಬಂಧುಗಳಾದ ವೀರರಾಜೇ ಅರಸರು ಫೌಜುದಾರರಾಗಿ ಬಂದು, ಹಿಂದೆ ಕೊಟ್ಟಿದ್ದ ಮಾಫಿಗಳ ಲೆಕ್ಕವನ್ನು ತೆಗೆದು, ಬಾಕಿಯನ್ನು ವಸೂಲು ಮಾಡಲು ತೊಡಗಿದರು. ಹಳೆಯ ಅಧಿಕಾರಿವರ್ಗಕ್ಕೆ ತಮ್ಮ ಗುಟ್ಟು ಹೊರಬೀಳುವ ಭಯ, ರೈತರಿಗೆ ತೀರಿತೆಂದುಕೊಂಡಿದ್ದ ಸಾಲ ಮತ್ತೆ ಹೆಗಲೇರಿದ ಸಂಕಟ. ಹೀಗೆ ಎರಡು ಬೇರೆ ಬೇರೆ ಅಸಮಾಧಾನಗಳು ಒಂದಾದವು.

೧೮೩೦ರ ಆಗಸ್ಟಿನಲ್ಲಿ ಗೌಡರು ರೈತರನ್ನು 'ಕೂಟ' ಸೇರಲು ಕರೆದರು. ಕೂಟವೆಂದರೆ ಆಯುಧಪಾಣಿಗಳ ಗುಂಪೆಂದು ತಿಳಿಯಬಾರದು. ಅದು ರೈತರು ಒಂದೆಡೆ ನೆರೆದು, ನ್ಯಾಯ ದೊರೆಯುವವರೆಗೆ ಉಳುಮೆಯನ್ನೂ ಕಂದಾಯವನ್ನೂ ನಿಲ್ಲಿಸಿ ಕುಳಿತುಕೊಳ್ಳುವ ಹಳೆಯ ರೂಢಿ. ಆಳುವವರ ಕಿವಿಗೆ ಮಾತು ಮುಟ್ಟಿಸುವ ಒಂದು ವಿಧಾನ. ಆ ಮಾತಿಗೆ ಸಕಾಲದಲ್ಲಿ ಉತ್ತರ ಸಿಕ್ಕಲಿಲ್ಲ. ಆಗ ಬೂದಿ ಬಸವಪ್ಪನೆಂಬುವನು ತಾನು ಬಿದನೂರಿನ ಅರಸುವಂಶದವನೆಂದು ಹೇಳಿಕೊಂಡು ಮುಂದೆ ಬಂದನು. ಅವನ ಮೊದಲ ಹೆಸರು ಸಾದರ ಮಲ್ಲನೆಂದೂ, ಅವನು ಹಿಂದೆ ದರೋಡೆಯ ಸಂಬಂಧದಲ್ಲಿ ಸೆರೆಯಲ್ಲಿದ್ದನೆಂದೂ, ಕೆಳದಿಯ ಅರಸರ ಮುದ್ರೆಗಳು ಒಬ್ಬ ಜಂಗಮರ ಬಳಿಯಿಂದ ಅವನ ಕೈಸೇರಿದ್ದವೆಂದೂ ಸರ್ಕಾರಿ ದಾಖಲೆಗಳು ಹೇಳುತ್ತವೆ. ಈ ದಾಖಲೆಗಳನ್ನು ಬರೆದವರು ಅವನ ವೈರಿಗಳೆಂಬುದನ್ನು ನೆನಪಿಟ್ಟುಕೊಂಡೇ ಅವನ್ನು ಓದಬೇಕು. ಅವನು ನಿಜವಾಗಿ ಯಾರೆಂಬ ಪ್ರಶ್ನೆಗಿಂತ, ಅಷ್ಟೊಂದು ಗೌಡರು ಅವನನ್ನು ಅರಸನೆಂದು ಒಪ್ಪಲು ಏಕೆ ಸಿದ್ಧರಾದರೆಂಬ ಪ್ರಶ್ನೆಯೇ ಚರಿತ್ರೆಗೆ ಹೆಚ್ಚು ಮುಖ್ಯ. ಕೆಳದಿಯ ಹೆಸರು ಹೇಳಿದರೆ ಶಿಸ್ತಿನ ಕಾಲ ಮರಳುವುದೆಂಬ ಆಸೆ ಅವರಲ್ಲಿ ಚಿಗುರಿದ್ದರೆ ಆಶ್ಚರ್ಯವಿಲ್ಲ.

ಸೈನ್ಯ ಗೆದ್ದದ್ದೆಷ್ಟು?

ತರೀಕೆರೆಯ ಪಾಳೆಯಗಾರರ ಮನೆತನದ ರಂಗಪ್ಪನಾಯಕನು ಮೈಸೂರಿನಿಂದ ತಪ್ಪಿಸಿಕೊಂಡು ಬಂದು ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದ ಮೇಲೆ ಬಂಡಾಯವು ಯುದ್ಧದ ರೂಪ ತಾಳಿತು. ಒಡೆಯರು ೧೮೩೦ರ ಕೊನೆಯಲ್ಲಿ ತಾವೇ ಸೈನ್ಯದೊಡನೆ ಚನ್ನರಾಯಪಟ್ಟಣದವರೆಗೆ ಹೋಗಿ ಹಲವರನ್ನು ಶಿಕ್ಷಿಸಿದರು. ಆ ಕಡೆ ಸದ್ದಡಗಿತು. ನಗರದ ಕಡೆ ಅಡಗಲಿಲ್ಲ. ಮೈಸೂರಿನ ಪಡೆಗಳಿಂದ ಸಾಧ್ಯವಾಗದಿದ್ದಾಗ ಕಂಪನಿಯ ಸೈನ್ಯವನ್ನು ಕರೆಯಬೇಕಾಯಿತು. ಕರ್ನಲ್ ಇವಾನ್ಸನ ದಳವು ಶಿವಮೊಗ್ಗದಿಂದ ಹೊರಟು ಮಲೆನಾಡಿನ ದಾರಿಯ ಅಡ್ಡಗಟ್ಟೆಗಳಲ್ಲಿ ಸಿಕ್ಕಿ ಒಮ್ಮೆ ಹಿಂದಿರುಗಬೇಕಾಯಿತು. ಕೊನೆಗೆ ೧೮೩೧ರ ಜೂನ್ ತಿಂಗಳಲ್ಲಿ ನಗರ ಕೈವಶವಾಯಿತು.

ಕೋಟೆ ಬಿದ್ದಿತು, ಬಂಡಾಯ ಮುಗಿಯಲಿಲ್ಲ. ತರೀಕೆರೆಯ ಮನೆತನದ ಸರ್ಜಾ ಹನುಮಪ್ಪನಾಯಕನು ಸೆರೆಸಿಕ್ಕಿ ಗಲ್ಲಿಗೇರಿದ್ದು ೧೮೩೪ರಲ್ಲಿ. ನಗರದ ಕೋಟೆ ಬಿದ್ದ ಮೇಲೂ ಮೂರು ವರ್ಷ ಈ ಕಾಡುಗಳಲ್ಲಿ ಪ್ರತಿಭಟನೆ ಜೀವಂತವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಸೈನ್ಯವು ರಸ್ತೆಯಲ್ಲಿರುವಾಗ ರಸ್ತೆ ಶಾಂತವಾಗಿರುತ್ತದೆ. ಆದರೆ ಊರು ಊರಿನಲ್ಲಿ ಯಾರು ಎಷ್ಟು ಬಾಕಿದಾರರು, ಯಾರ ಹೊಲ ಪಾಳುಬಿದ್ದಿದೆ, ಯಾರ ದೂರು ನಿಜವೆಂಬುದು ಸೇನಾಧಿಪತಿಗೆ ತಿಳಿಯುವ ವಿಷಯವಲ್ಲ.

ದಂಡಿನ ಊರು ಕಚೇರಿಯ ಊರಾಯಿತು

ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಈ ಬಂಡಾಯವನ್ನು ಕಾರಣಮಾಡಿಕೊಂಡು ೧೮೩೧ರ ಅಕ್ಟೋಬರಿನಲ್ಲಿ ಮೈಸೂರಿನ ಆಡಳಿತವನ್ನೇ ಕಂಪನಿಯ ಕೈಗೆ ತೆಗೆದುಕೊಂಡನು. ಕರ್ನಲ್ ಬ್ರಿಗ್ಸ್ ಮತ್ತು ಲಷಿಂಗ್ಟನ್ ಮೊದಲ ಕಮಿಷನರುಗಳು. ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಒಬ್ಬನೇ ಕಮಿಷನರನಾಗಿದ್ದನು. ನಾಡನ್ನು ನಾಲ್ಕು ವಿಭಾಗಗಳಾಗಿ ಮಾಡಿ ಒಂದೊಂದಕ್ಕೆ ಒಬ್ಬ ಸೂಪರಿಂಟೆಂಡೆಂಟನನ್ನು ನೇಮಿಸಲಾಯಿತು. ನಗರ ವಿಭಾಗದ ಮುಖ್ಯ ಕಚೇರಿ ಶಿವಮೊಗ್ಗದಲ್ಲಿ ನೆಲಸಿತು. ಇವಾನ್ಸನ ಸೈನ್ಯ ಬಿಡಾರ ಹೂಡಿದ್ದ ಊರೇ ಅರ್ಜಿ ಹಿಡಿದ ರೈತನು ಬರುವ ಊರಾಯಿತು. ಮೇಲಿನ ಕೆಲವು ಹುದ್ದೆಗಳಲ್ಲಿ ಆಂಗ್ಲರಿದ್ದರೂ ಅಮಲ್ದಾರನಿಂದ ಶಾನುಭೋಗನವರೆಗೆ ಕೆಲಸ ನಡೆಸಿದವರೆಲ್ಲ ಈ ದೇಶದವರೇ. ಸೂಪರಿಂಟೆಂಡೆಂಟನು ಇಂದು ಬಂದು ನಾಳೆ ಹೋಗುವವನು. ಹಳ್ಳಿಯ ನೆಲದ ತರ, ಕೆರೆಯ ನೀರಿನ ಪಾಳಿ, ಮನೆತನಗಳ ವ್ಯಾಜ್ಯಗಳನ್ನು ಬಲ್ಲವನು ಶಾನುಭೋಗನೇ.

ಈ ಆಡಳಿತವು ಮಾಡಿದ ಕೆಲಸಗಳಲ್ಲಿ ಮೂರನ್ನು ಇಲ್ಲಿ ವಿಶೇಷವಾಗಿ ಹೇಳಬೇಕು.

ಮೊದಲನೆಯದು ತೆರಿಗೆಯದು. ಶರತ್ತು ಪದ್ಧತಿ ನಿಂತಿತು. ಕಂದಾಯದ ಕಂತುಗಳನ್ನು ಬೆಳೆ ಕೈಗೆ ಬರುವ ಕಾಲಕ್ಕೆ ಹೊಂದಿಸಿದ್ದರಿಂದ ಪೈರು ಹೊಲದಲ್ಲಿರುವಾಗಲೇ ಸಾಹುಕಾರನ ಬಳಿಗೆ ಓಡುವ ಕಷ್ಟ ರೈತನಿಗೆ ತಗ್ಗಿತು. ಕಬ್ಬನ್ನನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ ೭೬೯ ಎಂದು ಬಿ. ಎಲ್. ರೈಸ್ ಅವರ ಗೆಜೆಟಿಯರು ದಾಖಲಿಸಿದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಕೂದಲು ತೆಗೆಸಿದರೆ ತೆರಿಗೆ! ನಗರದ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವನೂ ತೆರಿಗೆ ಕೊಡಬೇಕಾಗಿತ್ತಂತೆ. ಇನ್ನೊಂದು ಊರಿನವರು, ತಮ್ಮ ಪೂರ್ವಿಕರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆಮಾರುಗಳಿಂದ ದಂಡ ತೆರುತ್ತಿದ್ದರು. ಇವೆಲ್ಲ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಆದಾಯವೆಂದೇ ನಮೂದಾಗಿದ್ದವು. ಇಂಥವನ್ನು ಯಾವ ಫಿರಂಗಿಯೂ ಒಡೆಯಲಾರದು. ಒಂದು ಹುಕುಂನಾಮೆ ಒಡೆಯಬಲ್ಲದು.

ಎರಡನೆಯದು ನ್ಯಾಯದ್ದು. ಅಮಲ್ದಾರನ ಕಚೇರಿಯಿಂದ ಮೊದಲ್ಗೊಂಡು ಮುನಸೀಫರು, ಸೂಪರಿಂಟೆಂಡೆಂಟರು, ಬೆಂಗಳೂರಿನ ಹುಜೂರ್ ಅದಾಲತ್ತು, ಕೊನೆಗೆ ಕಮಿಷನರು ಎಂದು ಅಹವಾಲು ಮೇಲೇರಲು ಮೆಟ್ಟಿಲುಗಳಾದವು. ಊರ ಪಂಚಾಯಿತಿಯನ್ನೂ ವ್ಯಾಜ್ಯ ತೀರಿಸಲು ಬಳಸಿಕೊಂಡರು. ಕಂದಾಯ, ಕಾವಲು, ನ್ಯಾಯ ಮೂರೂ ಬಹುಮಟ್ಟಿಗೆ ಒಬ್ಬ ಅಧಿಕಾರಿಯ ಕೈಯಲ್ಲಿಯೇ ಉಳಿದದ್ದು ಇದರ ದೋಷ. ಆದರೂ ಅಮಲ್ದಾರನ ಮೇಲೆ ದೂರು ಹೇಳಲು ಅಮಲ್ದಾರನಿಗಿಂತ ಮೇಲಿನ ಬಾಗಿಲೊಂದು ರೈತನಿಗೆ ಕಂಡಿತು. ೧೮೩೦ರ ಕೂಟ ಕೇಳಿದ್ದು ಮುಖ್ಯವಾಗಿ ಇದನ್ನೇ.

ಮೂರನೆಯದು ದಾರಿಯದು. ಬೆಂಗಳೂರಿನಿಂದ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗಕ್ಕೆ ಬರುವವನು ಬೆಂಕಿಪುರದ ಬಳಿ ಭದ್ರೆಯನ್ನು ದಾಟಬೇಕಾಗಿತ್ತು. ಇಂದಿನ ಭದ್ರಾವತಿಯ ಹಳೆಯ ಹೆಸರೇ ಬೆಂಕಿಪುರ. ಮಳೆಗಾಲದಲ್ಲಿ ಭದ್ರೆಯೂ ತುಂಗೆಯೂ ತುಂಬಿದರೆ ನಗರ ಸೀಮೆಯು ಉಳಿದ ನಾಡಿನಿಂದ ಬೇರೆಯಾದಂತೆಯೇ. ಕಮಿಷನ್ನಿನ ಆಡಳಿತಾವಧಿಯಲ್ಲಿ ಬೆಂಕಿಪುರದಲ್ಲಿ ಭದ್ರೆಗೂ ಶಿವಮೊಗ್ಗದಲ್ಲಿ ತುಂಗೆಗೂ ಸೇತುವೆಗಳಾದವು. ೧೮೩೧ರಿಂದ ೧೮೫೬ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು ೧,೬೦೦ ಮೈಲಿಗಳ ರಸ್ತೆಯೂ ಮುನ್ನೂರಕ್ಕೂ ಮಿಕ್ಕ ಸೇತುವೆಗಳೂ ನಿರ್ಮಾಣವಾದವು. ಸೇತುವೆಯ ಮೇಲೆ ಸೈನ್ಯವೂ ಬೇಗ ಸಾಗಬಹುದೆಂಬ ಎಣಿಕೆ ಆಳುವವರಿಗಿದ್ದೇ ಇತ್ತು. ಆದರೆ ದಿನನಿತ್ಯ ಅದನ್ನು ದಾಟಿದ್ದು ಅಡಿಕೆ, ಮೆಣಸು, ಏಲಕ್ಕಿ ಹೇರಿದ ಗಾಡಿಗಳು ಮತ್ತು ಅಂಚೆಯ ಚೀಲಗಳು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದೂ, ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದೂ ಈ ದಾರಿಯ ಮುಂದಿನ ಕಥೆ. ಒಂದು ಕಾಲಕ್ಕೆ ದುರ್ಗಗಳ ಮೇಲಿನಿಂದ ಪಾಳೆಯಗಾರರು ಕಣ್ಣಿಟ್ಟಿದ್ದ ದಾರಿಯಲ್ಲಿ ಅದಿರೂ ಕಬ್ಬಿಣವೂ ಸಾಗಿದವು.

ತೆತ್ತ ಬೆಲೆ

ಇಷ್ಟನ್ನು ಹೇಳಿದಾಗ ಇದು ಪರಕೀಯರ ಆಡಳಿತದ ಸ್ತುತಿಯಾಯಿತಲ್ಲವೇ ಎಂದು ಓದುಗರು ಕೇಳಬಹುದು. ಸತ್ಯದ ಇನ್ನೊಂದು ಮುಖವನ್ನೂ ಹೇಳಲೇಬೇಕು. ೧೮೩೩ರಲ್ಲಿ ವರದಿ ಸಲ್ಲಿಸಿದ ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಈ ನಾಲ್ವರ ಸಮಿತಿಯು ಬಂಡಾಯಕ್ಕೆ ಆಡಳಿತದ ದೋಷಗಳನ್ನು ಕಾರಣವಾಗಿ ಎತ್ತಿ ತೋರಿಸಿತು. ಆದರೆ ಆ ಆಡಳಿತವನ್ನು ಹಣಕ್ಕಾಗಿ ಅಷ್ಟು ಬಿಗಿಹಿಡಿದದ್ದರಲ್ಲಿ ಕಂಪನಿಯ ಪೊಗದಿಯ ಪಾಲೆಷ್ಟು? ತಾನು ದುಡುಕಿದೆನೆಂಬ ಅಳುಕು ಬೆಂಟಿಂಕನಿಗೇ ಉಂಟಾಯಿತು. ರಾಜ್ಯದ ಒಂದು ಭಾಗವನ್ನಾದರೂ ಒಡೆಯರಿಗೆ ಹಿಂದಿರುಗಿಸಬೇಕೆಂದು ೧೮೩೪ರಲ್ಲಿ ಅವನು ಸೂಚಿಸಿದನು. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ಮುಮ್ಮಡಿಯವರು ರಾಜ್ಯವನ್ನು ಮರಳಿ ಪಡೆಯದೆಯೇ ೧೮೬೮ರಲ್ಲಿ ಕಾಲವಾದರು. ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿದ್ದು ೧೮೮೧ರ ಮಾರ್ಚ್ ೨೫ರಂದು. ಶಾಂತಿಯನ್ನು ಸ್ಥಾಪಿಸಲು ಬಂದವರು ಐವತ್ತು ವರ್ಷ ನಿಂತರು! ನೆರವಿಗೆ ಬಂದ ಬಲವು ಯಾವಾಗ ಹಿಂದಿರುಗಬೇಕೆಂಬ ಅವಧಿಯನ್ನು ಮೊದಲೇ ಗೊತ್ತುಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಇದು ಪಾಠ.

ಇನ್ನೊಂದು ಕೊರತೆಯೂ ಇದೆ. ಕಮಿಷನರು ರೈತನ ದೂರನ್ನು ಕೇಳಿದನು. ಅವನ ಅಭಿಪ್ರಾಯವನ್ನು ಕೇಳಲಿಲ್ಲ. ಅರ್ಜಿ ಕೊಡುವ ಹಕ್ಕು ಬಂದಿತು; ಕೂಡಿ ಆಲೋಚಿಸುವ ಹಕ್ಕು ಬರಲಿಲ್ಲ.

ಇತರ ಕಾಲದೇಶಗಳಲ್ಲಿ

ಇದೇ ಪಾಠವು ನಮ್ಮ ನಾಡಿನ ಇನ್ನೊಂದು ಭಾಗದಲ್ಲಿ ಪುನರಾವರ್ತನೆಗೊಂಡಿತು. ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿದಾಗ ಬೀದರ, ಕಲಬುರ್ಗಿ, ರಾಯಚೂರುಗಳ ಕನ್ನಡಿಗರಿಗೆ ರಜಾಕಾರರ ಹಾವಳಿಯಿಂದ ಬಿಡುಗಡೆ ದೊರೆಯಿತು. ಸೇನಾಕಾರ್ಯವು ಕೆಲವೇ ದಿನಗಳಲ್ಲಿ ಮುಗಿಯಿತು. ಆದರೆ ಅದರ ಬೆನ್ನಿಗೇ ಬೀದರ ಮೊದಲಾದ ಕಡೆ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ಪಂಡಿತ ಸುಂದರಲಾಲರ ಸಮಿತಿ ವರದಿಮಾಡಿತು. ಹಳೆಯ ಅಧಿಕಾರ ಕುಸಿದು ಹೊಸ ಆಡಳಿತ ಊರೂರಿಗೆ ಮುಟ್ಟುವ ನಡುವಣ ಆ ಕೆಲವು ವಾರಗಳೇ ಅತ್ಯಂತ ಅಪಾಯದ ಕಾಲವೆಂಬುದು ಇದರಿಂದ ತಿಳಿಯುತ್ತದೆ. ಜನರಲ್ ಜೆ. ಎನ್. ಚೌಧುರಿಯವರ ಸೇನಾ ಆಡಳಿತವು ೧೯೪೯ರ ಅಂತ್ಯದಲ್ಲಿ ಮುಗಿದು, ನಾಗರಿಕ ಅಧಿಕಾರಿಯಾದ ಎಂ. ಕೆ. ವೆಲ್ಲೋಡಿಯವರ ಸರ್ಕಾರ ಬಂದು, ೧೯೫೨ರಲ್ಲಿ ಚುನಾಯಿತ ಸರ್ಕಾರ ನೆಲೆಗೊಂಡಿತು. ಇಲ್ಲಿ ಅವಧಿ ಗೊತ್ತಾಗಿತ್ತು. ಮೂರೂವರೆ ವರ್ಷಗಳಲ್ಲಿ ಅಧಿಕಾರ ಜನರ ಕೈ ಸೇರಿತು. ಹೊರಗಿನಿಂದ ತಂದ ಅಧಿಕಾರಿಗಳ ವಿಷಯದಲ್ಲಿ ಎದ್ದ ಮುಲ್ಕಿ ಚಳವಳಿಯು, ಸ್ಥಳೀಯರನ್ನು ಬಿಟ್ಟು ನಡೆಸುವ ಆಡಳಿತ ಬಹುಕಾಲ ಸಲ್ಲದೆಂಬುದನ್ನೂ ತೋರಿಸಿತು.

ಇದಕ್ಕೆ ವಿರುದ್ಧವಾದ ನಿದರ್ಶನ ಅಫ್ಘಾನಿಸ್ತಾನದ್ದು. ಅಲ್ಲಿ ೨೦೦೧ರಿಂದ ಇಪ್ಪತ್ತು ವರ್ಷ ಪ್ರಬಲ ಸೈನ್ಯಗಳಿದ್ದವು. ಶಾಲೆ, ರಸ್ತೆ, ಆಸ್ಪತ್ರೆಗಳನ್ನು ಕಟ್ಟಲು ಸೈನಿಕರನ್ನೂ ನಾಗರಿಕ ಅಧಿಕಾರಿಗಳನ್ನೂ ಕೂಡಿಸಿದ ತಂಡಗಳೂ ಇದ್ದವು. ಆದರೂ ೨೦೨೧ರ ಆಗಸ್ಟಿನಲ್ಲಿ ಹೊರಗಿನ ಸೈನ್ಯ ಹಿಂದಿರುಗುತ್ತಿದ್ದಂತೆಯೇ ಕಾಬೂಲಿನ ಸರ್ಕಾರ ಕುಸಿದುಬಿದ್ದಿತು. ಕಟ್ಟಡಗಳಿದ್ದರೆ ಸಾಲದು, ಇದು ನಮ್ಮ ಕಚೇರಿ, ಇಲ್ಲಿ ನಮಗೆ ನ್ಯಾಯ ದೊರೆಯುವುದೆಂಬ ನಂಬಿಕೆ ಹಳ್ಳಿಯವನಲ್ಲಿ ಬೇರೂರಬೇಕು.

ಕೂಟದ ಉತ್ತರಾಧಿಕಾರಿ

ನಗರದ ಚರಿತ್ರೆಗೆ ಮತ್ತೆ ಬರೋಣ. ರಾಜ್ಯವು ಒಡೆಯರಿಗೆ ಮರಳಿದ ವರ್ಷವೇ, ೧೮೮೧ರ ಅಕ್ಟೋಬರ್ ೭ರಂದು, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ತಾಲ್ಲೂಕು ತಾಲ್ಲೂಕುಗಳಿಂದ ಬಂದ ರೈತರೂ ವರ್ತಕರೂ ಸೇರಿ ೧೪೪ ಮಂದಿ. ಅವರು ಚುನಾಯಿತರಲ್ಲ, ಅವರ ಮಾತು ಸರ್ಕಾರವನ್ನು ಕಟ್ಟುಹಾಕುವಂಥದೂ ಅಲ್ಲ. ಆದರೂ ಇದರ ಅರ್ಥವನ್ನು ಶಿವಮೊಗ್ಗ ಸೀಮೆಯವರು ಬೇರೆಯವರಿಗಿಂತ ಹೆಚ್ಚಾಗಿ ಅರಿಯಬಲ್ಲರು. ಐವತ್ತೊಂದು ವರ್ಷಗಳ ಹಿಂದೆ ರೈತರು ಕೂಡಿ ಕುಳಿತು ಕಂದಾಯದ ಕಷ್ಟವನ್ನು ಹೇಳಿದ್ದು ರಾಜದ್ರೋಹವೆನಿಸಿ, ಅದನ್ನಡಗಿಸಲು ಸೈನ್ಯ ನಡೆದಿತ್ತು. ಈಗ ಅದೇ ಕಷ್ಟವನ್ನು ಹೇಳಿರೆಂದು ದಿವಾನರೇ ಕರೆದು ಕೂರಿಸಿದರು. ಕೂಟವು ಸಭೆಯಾಯಿತು.

ಬೂದಿ ಬಸವಪ್ಪನನ್ನು ಕೆಲವರು ಕಪಟಿಯೆಂದರು, ಕೆಲವರು ಸ್ವಾತಂತ್ರ್ಯವೀರನೆಂದರು. ಆ ವಾದ ಸುಲಭವಾಗಿ ಮುಗಿಯಲಾರದು. ಅವನ ಹಿಂದೆ ನೆರೆದ ಸಾವಿರಾರು ರೈತರ ಬೇಡಿಕೆಯಂತೂ ಕಪಟವಾಗಿರಲಿಲ್ಲ. ಅವರು ಕೇಳಿದ್ದು ಶಿವಪ್ಪನಾಯಕನು ಕೊಟ್ಟಿದ್ದ ಒಂದು ವಸ್ತುವನ್ನು: ನೆಲಕ್ಕೆ ತಕ್ಕ ಲೆಕ್ಕ, ಹೇಳಿದ ಮಾತಿಗೆ ಕಿವಿ. ೧೮೩೦ರ ಮಳೆಗಾಲದಲ್ಲಿ ಒಬ್ಬ ಪ್ರಾಮಾಣಿಕ ಅಧಿಕಾರಿ ಆ ಕೂಟದ ನಡುವೆ ಕುಳಿತು ದೂರುಗಳನ್ನು ಬರೆದುಕೊಂಡಿದ್ದರೆ ಇವಾನ್ಸನ ಫಿರಂಗಿಗಳು ಶಿವಮೊಗ್ಗವನ್ನು ದಾಟುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಆಡಳಿತವು ಸೈನ್ಯದ ಹಿಂದೆ ಬಂದು ಗಾಯವನ್ನು ಮಾಯಿಸಬಲ್ಲದು. ಸೈನ್ಯಕ್ಕಿಂತ ಮುಂದಾಗಿ ಬಂದರೆ ಗಾಯವಾಗದಂತೆಯೇ ನೋಡಿಕೊಳ್ಳಬಲ್ಲದು.